ನಕ್ಷೆಯ ಬಿಳಿಯಲ್ಲಿದ್ದ ಮಾಗಾಣಿ

ಹರಿಹರ

ನಮ್ಮ ಶಾಲೆಯ ಗೋಡೆಯ ಮೇಲೆ ಮೈಸೂರು ಸಂಸ್ಥಾನದ ನಕ್ಷೆಯೊಂದು ತೂಗುತ್ತದೆ. ಸಂಸ್ಥಾನದ ಒಳಗೆಲ್ಲ ಗುಲಾಬಿ ಬಣ್ಣ. ಊರು, ಹೊಳೆ, ರಸ್ತೆ ಎಲ್ಲಕ್ಕೂ ಹೆಸರಿದೆ. ಗಡಿ ದಾಟಿದೊಡನೆ ಬರೀ ಬಿಳಿ. ಹರಿಹರದ ತನಕ ನೀಲಿಯಾಗಿ ಹರಿದು ಬರುವ ತುಂಗಭದ್ರೆ ಆ ಬಿಳಿಯ ಅಂಚಿನಲ್ಲಿ ತಟ್ಟನೆ ನಿಂತುಬಿಡುತ್ತದೆ. ಇಪ್ಪತ್ತೆರಡು ವರ್ಷ ಈ ನಕ್ಷೆಯನ್ನು ತೋರಿಸಿ ನಾಲ್ಕನೆಯ ತರಗತಿಗೆ ಭೂಗೋಳ ಹೇಳಿದ್ದೇನೆ. ಆ ಬಿಳಿಯ ಬಗ್ಗೆ ಯಾವ ಹುಡುಗನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅದರ ಮಾತೆತ್ತುತ್ತಿದ್ದವಳು ನನ್ನ ಹೆಂಡತಿ ಹುಲಿಗೆಮ್ಮ ಒಬ್ಬಳೇ. ಓದು ಬಾರದವಳು. ಸಂಜೆ ಶಾಲೆ ಗುಡಿಸುವಾಗ ಪೊರಕೆಯ ಹಿಡಿಯಿಂದ ಆ ಬಿಳಿಯನ್ನು ಮುಟ್ಟಿ, "ನನ್ನ ತವರು ಇಲ್ಲೈತಿ" ಎನ್ನುತ್ತಿದ್ದಳು.

ಅವಳ ತವರಿನ ಹೆಸರು ಮಾಗಾಣಿ, ಹೊಸಪೇಟೆ ಕಡೆ. ಅವಳಿಗೆ ಗೊತ್ತಿದ್ದುದು ಅಷ್ಟೇ. ಎಂಟು ವರ್ಷದವಳಿದ್ದಾಗ ಪ್ಲೇಗಿನಲ್ಲಿ ತಂದೆತಾಯಿ ಇಬ್ಬರೂ ಹೋದರು. ಅಕ್ಕ ಪಂಪಮ್ಮನಿಗೆ ಅಷ್ಟರಲ್ಲಿ ಸೋದರಮಾವನೊಂದಿಗೆ ಮದುವೆಯಾಗಿತ್ತು, ಅವಳು ಊರಲ್ಲೇ ಉಳಿದಳು. ಚಿಕ್ಕವಳನ್ನು ಸೋದರತ್ತೆಯೊಬ್ಬಳು ಹರಿಹರದ ಹತ್ತಿರದ ನಮ್ಮ ಹಳ್ಳಿಗೆ ಕರೆತಂದು ಸಾಕಿದಳು. ನಮ್ಮ ಮದುವೆಯಾದ ಮರುವರ್ಷವೇ ಆ ಅತ್ತೆಯೂ ತೀರಿಕೊಂಡಳು. ಅತ್ತೆಯ ಗಂಡ ಅದಕ್ಕೂ ಮುಂಚೆಯೇ ಹೋಗಿದ್ದ. ದಾರಿ ಹೇಳುವವರು ಯಾರೂ ಉಳಿಯಲಿಲ್ಲ.

ಹುಲಿಗೆಮ್ಮನಿಗೆ ಊರಿನ ನೆನಪು ಎಂದರೆ ಒಂದು ಕಲ್ಲಿನ ಬಸವ. ಕಾಲುವೆಯ ತೂಬಿನ ಬಾಯಲ್ಲಿ ಕೂತಿರುತ್ತಿತ್ತಂತೆ. ನೀರು ಬಿಟ್ಟಾಗ ಮುಳುಗುತ್ತ ಹೋಗಿ ಕೊನೆಗೆ ಕೊಂಬು ಮಾತ್ರ ಕಾಣುತ್ತಿತ್ತಂತೆ. ಒಂದು ದಿನ ಇವಳು ಕೈಯ ಗಾಜಿನ ಬಳೆ ತೆಗೆದು ಬಸವನ ಕೊಂಬಿಗೆ ತೊಡಿಸಲು ಹೋಗಿ, ಬಳೆ ನೀರುಪಾಲಾಗಿ, ಅಕ್ಕನ ಕೈಯಲ್ಲಿ ಏಟು ತಿಂದಿದ್ದಳು. ಆ ಏಟನ್ನು ಹೇಳುವಾಗ ಅವಳ ಮುಖ ಅರಳುತ್ತಿತ್ತು.

ನಾನು ಮೂರು ಸಲ ಕಾಗದ ಬರೆದೆ. ಪಂಪಮ್ಮ, ಮಾಗಾಣಿ ಗ್ರಾಮ, ಹೊಸಪೇಟೆ ತಾಲೂಕು, ಬಳ್ಳಾರಿ ಜಿಲ್ಲೆ. ಮೂರೂ ತಿರುಗಿ ಬಂದವು. ಹರಿಹರದಲ್ಲಿ ಒಬ್ಬರ ಬಳಿ ಮದ್ರಾಸು ಪ್ರಾಂತದ ಊರುಗಳ ಪಟ್ಟಿಯಿತ್ತು. ಅದನ್ನು ಕೇಳಿ ತೆಗೆಸಿ ನೋಡಿದೆ. ಮಾಗಾಣಿ ಎಂಬ ಗ್ರಾಮ ಇರಲಿಲ್ಲ. ಮನೆಗೆ ಬಂದು ಹೇಳಿದೆ: "ಅಂಥ ಊರೇ ಇಲ್ಲ ಕಣೆ. ಚಿಕ್ಕವಳಿದ್ದೆ, ಏನೋ ತಪ್ಪು ನೆನಪು."

ಅವಳು ಜಗಳವಾಡಲಿಲ್ಲ. ಆಮೇಲೆ ಗುಡಿಸುವಾಗ ಆ ಬಿಳಿಯ ಹತ್ತಿರ ಪೊರಕೆಯನ್ನು ಒಯ್ಯಲೂ ಇಲ್ಲ.

ಈ ಶ್ರಾವಣದಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. ಯಾರೂ ಬರಲಿಲ್ಲ. ನಾನೇ ಅಂಗಡಿಯಿಂದ ತಂದೆ. "ತವರಿಲ್ಲದಾಕೆ ಹಾಗೇ ಹೋದಳು" ಎಂದು ಹೆಂಗಸರು ಮಾತಾಡಿಕೊಂಡದ್ದು ಮಗಳು ಶಾರದೆಯ ಕಿವಿಗೆ ಬಿತ್ತು. ಅವಳು ಪಕ್ಕದ ಊರಿಗೆ ಮದುವೆಯಾಗಿ ಹೋದವಳು. ಆಗ ಮೂರು ತಿಂಗಳ ಬಸುರಿ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಅಪ್ಪಾ, ಅವ್ವ ಸುಳ್ಳು ಹೇಳುವವಳಲ್ಲ. ದೊಡ್ಡಮ್ಮ ಎಲ್ಲಿದ್ದರೂ ಹುಡುಕಿ, ಅವ್ವ ಹೋದಳು ಅಂತಾದರೂ ಹೇಳಿ ಬಾ."

ದಸರೆಯ ರಜೆ ಬಂತು. ಹೊರಟೆ.

ರೈಲಿನಲ್ಲಿ

ಪರದೇಶ ಪ್ರಯಾಣವೆಂದರೆ ಹಡಗು ಹತ್ತಬೇಕೆಂದು ನಾವು ತಿಳಿದಿದ್ದೇವೆ. ಅದೇನೂ ಬೇಡ. ಹರಿಹರದ ಸೇತುವೆ ದಾಟಿದರೆ ಬೊಂಬಾಯಿ ಸರ್ಕಾರ. ಹುಬ್ಬಳ್ಳಿ, ಗದಗು ಕಳೆದು ಮುಂದೆ ಹೋದರೆ ಕೊಪ್ಪಳ, ಅದು ನಿಜಾಮರದು. ಇನ್ನೊಮ್ಮೆ ಹೊಳೆ ದಾಟಿದರೆ ಹೊಸಪೇಟೆ, ಮದ್ರಾಸು ಸರ್ಕಾರ. ಒಂದು ಬುತ್ತಿ ಮುಗಿಯುವುದರೊಳಗೆ ನಾಲ್ಕು ರಾಜ್ಯ ಕಂಡೆ. ನಾಲ್ಕರಲ್ಲೂ ಪಕ್ಕದಲ್ಲಿ ಕೂತವರು ಕನ್ನಡದಲ್ಲೇ ಸರಿದು ಕೂರಲು ಹೇಳಿದರು.

ಕೊಪ್ಪಳದಲ್ಲಿ ಬೆಳಗಾಗಿತ್ತು. ಸುಂಕದ ಜವಾನನೊಬ್ಬ ಹತ್ತಿ ಎಲ್ಲರ ಗಂಟು ತಡವಿ ನೋಡಿದ. ನನ್ನ ಗಂಟಿನಲ್ಲಿ ಹುಲಿಗೆಮ್ಮನ ಹಳೆಯ ಸೀರೆಯೊಂದಿತ್ತು. ಅಕ್ಕ ಸಿಕ್ಕರೆ ಕೊಡೋಣವೆಂದು ತಂದಿದ್ದೆ.

"ಮಾರಾಟಕ್ಕೇನು?" ಎಂದ ಅವನು.

"ಅಲ್ಲ. ಉಟ್ಟ ಸೀರೆ."

"ಉಟ್ಟಾಕಿ ಎಲ್ಲಿ?"

ನಾನು ಹೇಳಿದೆ. ಅವನು ಸೀರೆಯನ್ನು ನಾನು ಮಡಿಸಿದ್ದಕ್ಕಿಂತ ಚೆನ್ನಾಗಿ ಮಡಿಸಿ ಗಂಟಿನಲ್ಲಿಟ್ಟು ಇಳಿದುಹೋದ. ರೈಲು ಹೊಳೆ ದಾಟುವಾಗ ಎದುರಿನ ಮುದುಕ ಕಿಟಕಿಯ ಹೊರಗೆ ಉಗುಳಿ, "ಮೊಗಲಾಯಿ ಮುಗೀತು, ಇನ್ನ ಕುಂಪಣಿ" ಎಂದ. ನಿಜಾಮರ ಸೀಮೆ ಅವನಿಗೆ ಮೊಗಲಾಯಿ, ಇಂಗ್ಲಿಷರದು ಕುಂಪಣಿ. ಮೊಗಲರು ಹೋಗಿ ಎಷ್ಟು ಕಾಲವಾಯಿತು, ಕುಂಪಣಿ ಹೋಗಿ ಎಷ್ಟಾಯಿತು! ಆದರೂ ಅವನ ಬಾಯಲ್ಲಿ ಇಬ್ಬರೂ ಹೊಳೆಯ ಆಚೀಚೆ ಇನ್ನೂ ಕೂತಿದ್ದರು.

ಹೊಸಪೇಟೆ

ಹೊಸದೆಂದು ಕರೆಸಿಕೊಂಡು ಈ ಪೇಟೆಗೆ ಎಷ್ಟು ತಲೆಮಾರಾಯಿತೋ. ಮನೆಗಳೆಲ್ಲ ಹಳೆಯವು. ಸಂತೆ ಬೀದಿಯಲ್ಲಿ ಕಬ್ಬಿನ ಗಾಡಿ, ಬಾಳೆಯ ಗಾಡಿ. ನಮ್ಮ ಕಡೆ ಜೋಳದ ರೊಟ್ಟಿಗೆ ಇಷ್ಟು ಖಾರ ಹಚ್ಚುವುದಿಲ್ಲ. ಮೊದಲ ತುತ್ತಿಗೇ ನನಗೆ ಬಿಕ್ಕಳಿಕೆ ಬಂತು. ಬಡಿಸಿದ ಹೆಂಗಸು, "ಯಾರೋ ನೆನಸ್ಯಾರ ನೋಡ್ರಿ" ಎಂದಳು. ಬಹಳ ಹೊತ್ತು ಬಿಕ್ಕಳಿಕೆ ನಿಲ್ಲಲಿಲ್ಲ. ನಿಲ್ಲಿಸುವ ಮನಸ್ಸೂ ನನಗಿರಲಿಲ್ಲ.

ಬೇವಿನ ಮರದ ಕೆಳಗೆ ಡೆಸ್ಕು ಇಟ್ಟುಕೊಂಡು ಅರ್ಜಿ ಬರೆಯುವ ಒಬ್ಬ ಆಚಾರ್ಯರಿದ್ದರು. ಊರಿನ ಹೆಸರುಗಳೆಲ್ಲ ಅವರಿಗೆ ಬಾಯಿಪಾಠವೆಂದು ಜನ ಹೇಳಿದರು. ಹೋಗಿ ಕೈಮುಗಿದೆ.

"ಕುಂದ್ರಿ. ಯಾರನ್ನ ಹುಡುಕ್ತೀರಿ?"

"ಪಂಪಮ್ಮ ಅಂತ."

ಅವರು ಲೇಖನಿ ಕೆಳಗಿಟ್ಟು ನಕ್ಕರು. "ಇಲ್ಲೇ ನಿಂತು ಪಂಪಮ್ಮಾ ಅಂತ ಒಮ್ಮೆ ಕೂಗ್ರಿ. ಅರ್ಧ ಸಂತಿ ತಿರುಗಿ ನೋಡ್ತದ. ಹುಲಿಗೆಮ್ಮಾ ಅಂದ್ರ ಉಳಿದರ್ಧ. ಊರು ಯಾವುದು?"

"ಮಾಗಾಣಿ."

"ಮಾಗಾಣಿ ಅಂತ ಗ್ರಾಮ ನಮ್ಮ ತಾಲೂಕಿನ್ಯಾಗ ಇಲ್ಲ. ನಾ ಮೂವತ್ತು ವರ್ಷ ಅರ್ಜಿ ಬರದೀನಿ. ಎಲ್ಲಾ ಗ್ರಾಮದ ಮ್ಯಾಲೂ ಒಂದಾದ್ರೂ ತಕರಾರು ಬಂದದ. ಮಾಗಾಣಿ ಮ್ಯಾಲೆ ಬಂದಿಲ್ಲ." ಸ್ವಲ್ಪ ಯೋಚಿಸಿದರು. "ನಮ್ಮಲ್ಲಿ ಇಲ್ಲ ಅಂದಮ್ಯಾಲೆ ಸಂಡೂರು ಸಂಸ್ಥಾನದಾಗ ಇರಬೇಕು. ಅವ್ರ ಲೆಕ್ಕದ ಪುಸ್ತಕ ಬ್ಯಾರೆ."

ಅದು ನನಗೆ ಸರಿಯೆನಿಸಿತು. ನನ್ನ ನಕ್ಷೆಯೂ ಹಾಗೇ ಅಲ್ಲವೇ. ತನ್ನಲ್ಲಿ ಇಲ್ಲದ್ದನ್ನೆಲ್ಲ ಪಕ್ಕದವರ ಪಾಲಿಗೆ ಬಿಟ್ಟುಬಿಟ್ಟಿದೆ.

ಏಳುವಾಗ ಕೇಳಿದೆ: "ಸ್ವಾಮಿ, ಈ ಸೀಮೆಗೆ ಏನೆಂದು ಕರೆಯಬೇಕು? ನಮ್ಮ ಕಡೆ ಬಳ್ಳಾರಿ ಸೀಮೆ ಅನ್ನುತ್ತೇವೆ."

"ಅನ್ರಿ, ಯಾರು ಬ್ಯಾಡ ಅಂತಾರ? ದೊರೆಗಳ ಕಾಗದದಾಗ ಸೀಡೆಡ್ ಜಿಲ್ಲಾ. ನಿಜಾಮ ಬಿಟ್ಟುಕೊಟ್ಟದ್ದು ಅಂತ. ಆಂಧ್ರದವ್ರು ಈಚೀಗೆ ರಾಯಲಸೀಮಾ ಅಂತ ಹೆಸರಿಟ್ಟಾರ. ನಮ್ಮ ಹುಡುಗ್ರು ಸಭಾ ಮಾಡಿ, ಇದು ಕರ್ನಾಟಕ, ತಿಳೀರಿ ಅಂತಾರ. ಮೂರು ಮಂದೀನೂ ನನ್ನ ಕಡೆ ಅರ್ಜಿ ಬರೆಸಲಿಕ್ಕೆ ಬರ್ತಾರ. ನಾ ಹೊಸಪೇಟಿ ತಾಲೂಕು ಅಂತ ಬರೀತೀನಿ. ಅದಕ್ಕ ಯಾರೂ ಜಗಳಾ ತೆಗ್ಯಾದಿಲ್ಲ." ಡೆಸ್ಕಿನ ಮೇಲಿನ ಧೂಳು ಒರೆಸುತ್ತ ಮತ್ತೆ ಹೇಳಿದರು: "ಬಸ್ಸು ಆ ಮೂಲಿಗೆ ನಿಲ್ತದ. ಜಲ್ದಿ ಹೋಗ್ರಿ."

ಸಂಡೂರು

ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ಎರಡನೆಯ ಸಲ ನಾವೆಲ್ಲ ಇಳಿದು ಗುಡ್ಡದ ಏರಿನಲ್ಲಿ ಅದನ್ನು ನೂಕಿದೆವು. ನೂಕುತ್ತ ನೂಕುತ್ತಲೇ ಮದ್ರಾಸು ಸರ್ಕಾರ ಮುಗಿದು ಸಂಡೂರು ಸಂಸ್ಥಾನ ಆರಂಭವಾಯಿತೆಂದು ಡ್ರೈವರು ಹೇಳಿದ. ನನಗೆ ಕಂಡದ್ದು ಒಂದೇ ಬದಲಾವಣೆ: ಮಣ್ಣು ಕುಂಕುಮದಷ್ಟು ಕೆಂಪಾಗಿತ್ತು. ಹಸಿರು ಗುಡ್ಡಗಳ ನಡುವೆ ಬಟ್ಟಲಿನಲ್ಲಿಟ್ಟ ಹಾಗೆ ಊರು. ಇಂಥ ಸಣ್ಣ ರಾಜ್ಯಕ್ಕೂ ರಾಜರಿದ್ದಾರೆ, ದಸರೆಯಿದೆ. ನಮ್ಮ ಮೈಸೂರಿನವರಿಗೆ ದಸರೆ ನಮ್ಮದೊಂದೇ ಎಂಬ ಹೆಮ್ಮೆ ಉಂಟು. ಇಲ್ಲಿ ಬೀದಿಯ ಚಿಕ್ಕ ತೋರಣವನ್ನು ನೋಡಿದಾಗ ನನ್ನ ಹೆಮ್ಮೆ ಸ್ವಲ್ಪ ತಗ್ಗಿತು. ಅದರಿಂದ ಮನಸ್ಸು ಹಗುರವೂ ಆಯಿತು.

ಅಂಗಡಿಗಳಲ್ಲಿ ಕೇಳಿದೆ. ಮಾಗಾಣಿ ಇಲ್ಲಿಲ್ಲ, ಹೊಳೆಯಾಚೆ ಮೊಗಲಾಯಿಯಲ್ಲಿ ಇರಬೇಕು ಎಂದರು. ಅಲ್ಲಿಗೆ ಹೋದರೆ ಅವರು ಮತ್ತೆಲ್ಲಿಗೆ ಕಳಿಸುತ್ತಾರೋ ಎಂದು ನಗು ಬಂತು. ಆಮೇಲೆ ಗಂಟು ಇಳಿಸಿ ರಸ್ತೆಯ ಬದಿಯಲ್ಲಿ ಕೂತೆ. ಅಂಥ ಊರೇ ಇಲ್ಲ ಎಂದು ನಾನು ಹೇಳಿದ್ದೇ ನಿಜವಾಗಿಬಿಟ್ಟರೆ? ಮನೆಯಲ್ಲಿ ಕೂತು ಆ ಮಾತು ಹೇಳುವುದು ಸುಲಭವಾಗಿತ್ತು. ಇಷ್ಟು ದೂರ ಬಂದ ಮೇಲೆ ಅದು ನಿಜವಾಗುವುದು ನನಗೆ ಬೇಡವಾಗಿತ್ತು.

ಅಲ್ಲೇ ಗಣಿಯಿಂದ ಬಂದ ಅದಿರನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುತ್ತಿದ್ದರು. ಎಲ್ಲರ ಮುಖದ ಮೇಲೂ ಒಂದೇ ಬಣ್ಣದ ಧೂಳು. ಒಬ್ಬಳು ನೀರು ಕುಡಿಯಲು ಬಂದವಳು ನನ್ನನ್ನು ನೋಡಿ, "ಯಾಕ್ರೀ, ಬಿಸಲಾಗ ಕುಂತೀರಿ? ಯಾವ ಊರ್ರೀ?" ಎಂದಳು.

"ಮೈಸೂರು ಸೀಮೆ. ನನ್ನ ಹೆಂಡತಿಯ ತವರು, ಮಾಗಾಣಿ ಅನ್ನುವ ಊರು ಹುಡುಕುತ್ತಿದ್ದೇನೆ."

ಅವಳು ಚೊಂಬು ಕೆಳಗಿಟ್ಟಳು. "ಲೇ ಗಂಗೀ, ಬಾರಲೇ ಇಲ್ಲಿ! ಮಾಗಾಣಿ ಅನ್ನೋ ಊರು ಹುಡುಕ್ತಾರಂತ ಇವ್ರು!" ಇಬ್ಬರೂ ನಕ್ಕರು. ನಕ್ಕದ್ದಕ್ಕೆ ನನಗೆ ನೋವಾಗಲಿಲ್ಲ, ಯಾಕೆಂದರೆ ಆ ಹೆಸರು ಅವರ ಬಾಯಲ್ಲಿ ಸಲೀಸಾಗಿ ಬಂದಿತ್ತು.

"ಮಾಗಾಣಿ ಅಂದ್ರ ಊರಲ್ಲೋ ಯಪ್ಪಾ. ರಾಯರ ಕಾಲದ ಕಾಲುವಿ ನೀರು ಎಲ್ಲೆಲ್ಲಿ ಹರಿತೈತೋ ಅಷ್ಟೂ ಮಾಗಾಣಿ. ಹೊಸಪೇಟಿಂದ ಕಂಪ್ಲಿ ತನಕಾ ಐತಿ. ಹೊಳಿ ಆಚಿ ದಂಡಿಗೂ ಐತಿ. ನಾನೂ ಮಾಗಾಣ್ಯಾಕಿನ. ಈ ಗುಡ್ಡಕ್ಕ ಕೊಟ್ಟು ಧೂಳು ಹೊರಸಾಕ ಹತ್ಯಾರ."

"ಹಾಗಾದರೆ ಅಲ್ಲಿ ಯಾರನ್ನು ಕೇಳಿದರೂ..."

"ಅಲ್ಲಿ ಯಾರೂ ಮಾಗಾಣಿ ಅನ್ನಂಗಿಲ್ಲ. ಅಲ್ಲೆಲ್ಲಾ ಅದ ಅಲ್ಲೇನು? ಅಲ್ಲಿ ಊರ ಹೆಸರು ಹೇಳ್ತೀವಿ, ತೂಬಿನ ಹೆಸರು ಹೇಳ್ತೀವಿ. ಒಣಾ ಸೀಮಿಗೆ ಲಗ್ನ ಆಗಿ ಬಂದಮ್ಯಾಲೆ ನಾವು ಹೆಣ್ಮಕ್ಕಳು ಮಾಗಾಣಿ ಮಾಗಾಣಿ ಅಂತ ಬಡಕೊಂತೀವಿ. ನಿಮ್ಮ ಮನಿಯಾಕಿ ಯಾವ ನೀರಿನಾಕಿ?"

ಇಪ್ಪತ್ತೈದು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ಕಲ್ಲಿನ ಬಸವನ ಸಂಗತಿ ಹೇಳಿದೆ. ಅವಳಿಗೂ ಆ ಜಾಗ ಗೊತ್ತಿರಲಿಲ್ಲ. "ನನ್ನದು ಹೊಸಪೇಟಿ ಕಡೀ ನೀರು. ಅಲ್ಲಿ ಅಂಥಾ ಬಸವಣ್ಣಿಲ್ಲ. ಕಂಪ್ಲಿ ಕಾಲುವಿಗೆ ಹೋಗಿ ನೀರಗಂಟೀನ ಕೇಳ್ರಿ. ಶಾನುಭೋಗನ್ನ ಕೇಳಬ್ಯಾಡ್ರಿ ಮತ್ತ. ಅವಂಗ ಪುಸ್ತಕದಾಗಿಂದಷ್ಟ ಗೊತ್ತಿರ್ತೈತಿ."

ಹೊರಡುವಾಗ ಕೂಗಿ ಹೇಳಿದಳು: "ಅಲ್ಲಿ ಬಾಳಿಹಣ್ಣು ತಿನ್ರಿ! ಮಾಗಾಣಿದು ಅಂದ್ರ ಭಾಳ ಸಿಹಿ!"

ಹಂಪಿ

ಹೊಸಪೇಟೆಗೆ ಮರಳಿ, ಅಲ್ಲಿಂದ ಕಡ್ಡಿರಾಂಪುರದ ದಾರಿಯಾಗಿ ನಡೆದು ಹಂಪಿಗೆ ಬಂದೆ. ಹಾಳಾದ ಪಟ್ಟಣವನ್ನು ನೋಡಿದವರು ಬಹಳ ಜನ ಬರೆದಿದ್ದಾರೆ. ನಾನು ಕಂಡ ಒಂದೆರಡು ಸಂಗತಿ ಮಾತ್ರ ಹೇಳುತ್ತೇನೆ. ಕಲ್ಲಿನ ಒಂದು ಮಂಟಪದ ಮುಂದೆ ಸರ್ಕಾರದವರು ಇಂಗ್ಲಿಷಿನಲ್ಲಿ ಹಲಗೆ ನೆಟ್ಟಿದ್ದರು. ಒಳಗೆ ಮೇಕೆ ಕಾಯುವವನು ಮಲಗಿದ್ದ. ಇದು ಏನೆಂದು ಕೇಳಿದರೆ, "ಮಳಿ ಮಂಟಪ್ರೀ. ಮಳಿ ಬಂದ್ರ ಇಲ್ಲೇ ಬರ್ತೀವಿ" ಎಂದ. ಹಲಗೆಯನ್ನು ತೋರಿಸಿದೆ. "ಅದು ಬಿಸಲಿದ್ದಾಗಿನ ಹೆಸರು" ಎಂದು ಮಗ್ಗುಲಾದ.

ಹೊಳೆಯ ದಡದಲ್ಲಿ ಹುಲಿಗೆಮ್ಮನ ಹೆಸರಿನಲ್ಲಿ ನೀರು ಬಿಡೋಣವೆನಿಸಿ ಅಲ್ಲಿದ್ದ ಒಬ್ಬ ಪುರೋಹಿತರನ್ನು ಕೇಳಿದೆ. ಅವರು ನನ್ನನ್ನು ಕೂರಿಸಿ ಸಂಕಲ್ಪ ಹೇಳಿಸಿದರು. ಜಂಬೂದ್ವೀಪದಿಂದ ಹೊರಟು, ಭರತಖಂಡಕ್ಕೆ ಬಂದು, ದಂಡಕಾರಣ್ಯ ಹೊಕ್ಕು, ತುಂಗಭದ್ರೆಯ ದಕ್ಷಿಣ ದಡಕ್ಕೆ ಇಳಿದು, ಪಂಪಾಕ್ಷೇತ್ರದಲ್ಲಿ ನಿಂತರು. ಅಂಚೆಯ ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದಿದ ಹಾಗಿತ್ತು. ಅದರಲ್ಲಿ ಮದ್ರಾಸೂ ಇಲ್ಲ, ಮೈಸೂರೂ ಇಲ್ಲ. ಆಚೆ ದಡಕ್ಕೆ ಹರಿಗೋಲು ಹೊರಡಿಸುತ್ತಿದ್ದವನು ಮಾತ್ರ ಅದೇ ಹೊತ್ತಿಗೆ, "ಮೊಗಲಾಯಿಗೆ ಯಾರ್ ಬರ್ತೀರಿ? ಮೊಗಲಾಯಿ!" ಎಂದು ಕೂಗುತ್ತಿದ್ದ.

"ಆಕೆಯ ಊರು?" ಎಂದರು ಪುರೋಹಿತರು.

ನಾನು ತಡೆದು, "ಮಾಗಾಣಿ" ಎಂದೆ. ಇದೂ ತಿರುಗಿ ಬರುತ್ತದೇನೋ ಎಂದುಕೊಂಡೆ.

ಅವರು ಹುಬ್ಬು ಕೂಡ ಎತ್ತಲಿಲ್ಲ. ಪಂಪಾಕ್ಷೇತ್ರದ ಹಿಂದೆಯೇ ಮಾಗಾಣಿಯನ್ನು ಸೇರಿಸಿ ಹೇಳಿ, "ನೀರು ಬಿಡ್ರಿ" ಎಂದರು. ಬಿಟ್ಟೆ. ಶ್ರಾವಣದಲ್ಲಿ ಹರಿಹರದ ದಡದಲ್ಲಿ ಅವಳ ಬಳೆಗಳನ್ನೂ ಕುಂಕುಮದ ಭರಣಿಯನ್ನೂ ಇದೇ ಹೊಳೆಗೆ ಬಿಟ್ಟಿದ್ದೆ. ನನ್ನ ನಕ್ಷೆಯಲ್ಲಿ ನಿಂತುಹೋಗುವ ನೀರು ಇಲ್ಲಿ ಕಲ್ಲುಗಳ ನಡುವೆ ಸದ್ದು ಮಾಡುತ್ತ ಹೋಗುತ್ತಿತ್ತು. ಅವಳ ಸಾಮಾನು ನನಗಿಂತ ಮೊದಲೇ ಈ ದಾರಿಯಲ್ಲಿ ಹೋಗಿರಬೇಕು.

ಕಂಪ್ಲಿ

ಕಂಪ್ಲಿಯ ದಾರಿಯಲ್ಲಿ ಗಾಡಿಯ ಮೇಲೆ ಕೂತು ಮಾಗಾಣಿಯನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಎಡಕ್ಕೆ ಬೋಳುಗುಡ್ಡ, ಬಂಡೆ, ಜಾಲಿ. ಬಲಕ್ಕೆ ಬತ್ತ, ಕಬ್ಬು, ಬಾಳೆ, ತೆಂಗು. ಎರಡರ ನಡುವೆ ಕಾಲುವೆ. ಗೆರೆ ಎಳೆದು ಬಣ್ಣ ತುಂಬಿದ ಹಾಗೆ. ಗಡಿ ಎಂದರೆ ಇದು, ಒಂದು ಹೆಜ್ಜೆ ಇಟ್ಟರೆ ಕಾಲಿಗೇ ಗೊತ್ತಾಗುತ್ತದೆ. ಹರಿಹರದ ಬೇಸಿಗೆಯಲ್ಲಿ ಹುಲಿಗೆಮ್ಮ ಬಾವಿಯ ತಳ ನೋಡಿ ನಿಟ್ಟುಸಿರು ಬಿಡುತ್ತಿದ್ದುದು ಯಾಕೆಂದು ಈಗ ಅರ್ಥವಾಯಿತು.

ನೀರಗಂಟಿ ಹನುಮಂತಪ್ಪ ಕಾಲುವೆಯ ಏರಿಯ ಮೇಲೆ ಸಿಕ್ಕ. ಯಾವ ಹೊಲಕ್ಕೆ ಯಾವಾಗ ನೀರು ಬಿಡಬೇಕೆಂದು ನೋಡಿ ತೂಬು ತೆಗೆದು ಮುಚ್ಚುವುದು ಅವನ ಕೆಲಸ. ಮೊಣಕಾಲ ತನಕ ಕೆಸರು, ಹೆಗಲ ಮೇಲೆ ಸನಿಕೆ. ನಾನು ಮೇಷ್ಟ್ರೆಂದೂ ಸಂಡೂರಿನ ತನಕ ಹುಡುಕಿ ಬಂದೆನೆಂದೂ ಹೇಳಿ ಬಸವನ ಮಾತೆತ್ತಿದ ಕೂಡಲೇ ಸನಿಕೆ ಇಳಿಸಿದ.

"ಬಸವನ ತೂಬು! ಅದನ್ಯಾಕ ಸಂಡೂರಾಗ ಹುಡುಕಿದ್ರಿ ಮಾಸ್ತರ? ಬಸವಣ್ಣ ಗುಡ್ಡ ಹತ್ಯಾನಂತ ತಿಳಕೊಂಡ್ರೇನು? ಬರ್ರಿ, ನಾನೂ ಆ ಕಡೀಗೇ ಹೊಂಟೀನಿ."

ಮೈಲಿಯಷ್ಟು ಏರಿಯ ಮೇಲೆ ನಡೆದೆವು. ಅಲ್ಲಿ, ತೂಬಿನ ಬಾಯಲ್ಲಿ, ನೀರಿನ ಮೇಲೆ ಎರಡು ಸಣ್ಣ ಕಲ್ಲಿನ ಕೊಂಬು ಕಂಡವು.

ನಾನು ಅಲ್ಲೇ ಕೂತುಬಿಟ್ಟೆ. ಹನುಮಂತಪ್ಪ ನನ್ನ ಕಡೆ ನೋಡದೆ ಕೆಲಸದ ಮಾತಾಡಿದ. "ಬಸವಣ್ಣನ ಮೊಣಕಾಲಿಗೆ ನೀರಿದ್ರ ಮ್ಯಾಲಿನ ಹೊಲಕ್ಕ ಪಾಳಿ. ಹೊಟ್ಟಿಗೆ ಬಂದ್ರ ನಡುವಿನವ್ರಿಗೆ. ಕುತ್ತಿಗಿ ಮುಳುಗಿತಂದ್ರ ಕೆಳಗಿನವ್ರಿಗೂ ಬಿಡಬೇಕು. ಸರ್ಕಾರದವ್ರು ಅಳತೀ ಹಲಗಿ ನೆಟ್ಟಾರ, ಅಲ್ಲಿ ನೋಡ್ರಿ. ಪುಸ್ತಕದಾಗ ಆ ಅಂಕಿ ಬರೀತೀನಿ. ಹೊಲದವ್ರಿಗೆ ಅಂಕಿ ಹೇಳಿದ್ರ ಯಾರು ಕೇಳ್ತಾರ? ಕುತ್ತಿಗಿ ನೀರು ಬಂತ್ರೋ ಅಂತ ಕೂಗಿದ್ರ ಮುದುಕ್ರೂ ಎದ್ದು ಓಡಿ ಬರ್ತಾರ."

ತೂಬಿನ ಸರಳುಗಳಿಗೆ ಹೂವು, ತೆಂಗಿನ ಚಿಪ್ಪು, ಬಾಳೆಲೆ ಸಿಕ್ಕಿಕೊಂಡಿದ್ದವು. ಅವನ್ನು ಎಳೆದು ಹಾಕುತ್ತ, "ನಿಮ್ಮ ಮ್ಯಾಲಿನ ಸೀಮಿಯವ್ರು ಬಿಟ್ಟದ್ದೆಲ್ಲಾ ನಮ್ಮ ತೂಬಿಗೇ ಬರ್ತೈತಿ ನೋಡ್ರಿ ಮಾಸ್ತರ" ಎಂದ. ನಾನು ಆ ಕಸದಲ್ಲಿ ಬಹಳ ಹೊತ್ತು ಕಣ್ಣಾಡಿಸಿದೆ. ಭರಣಿ ಇರಲಿಲ್ಲ. ಇರುವುದೆಂದು ನಂಬಿಯೂ ಇರಲಿಲ್ಲ.

ಬಸವನ ತೂಬು

ಏರಿಯ ಕೆಳಗೆ ಇಪ್ಪತ್ತು ಮನೆಯ ಹಳ್ಳಿ. ಶಾನುಭೋಗರ ಪುಸ್ತಕದಲ್ಲಿ ಅದು ಚಿಕ್ಕರಾಯಪುರ. ಜನರ ಬಾಯಲ್ಲಿ ಬಸವನ ತೂಬು. ದೂರ ಹೋದವರಿಗೆ ಮಾಗಾಣಿ. ಮೂರು ಹೆಸರಿನ ಊರಿಗೆ ನಾನು ಮೂರನೆಯ ಹೆಸರಿನಿಂದ ಕಾಗದ ಬರೆದಿದ್ದೆ, ಅದಕ್ಕೆ ಗ್ರಾಮ ಎಂದು ಬೇರೆ ಸೇರಿಸಿದ್ದೆ.

ಹನುಮಂತಪ್ಪ ತೋರಿಸಿದ ಮನೆಯ ಅಂಗಳದಲ್ಲಿ ಐವತ್ತು ದಾಟಿದ ಹೆಂಗಸು ಬತ್ತ ಕೇರುತ್ತಿದ್ದಳು. ಮೊರ ಆಡಿಸುವಾಗ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುವುದು ಹುಲಿಗೆಮ್ಮನದೇ ರೀತಿ.

"ನಾನು ಹುಲಿಗೆಮ್ಮನ ಗಂಡ" ಎಂದೆ.

"ಯಾವ ಹುಲಿಗೆಮ್ಮ?" ಮೊರ ನಿಲ್ಲಲಿಲ್ಲ. "ಇಲ್ಲಿ ಭಾಳ ಮಂದಿ ಅದಾರ."

"ಬಸವನ ಕೊಂಬಿಗೆ ಬಳೆ ತೊಡಿಸಲು ಹೋದವಳು."

ಮೊರ ನಿಂತಿತು. 

"ಆ ಬಳಿ ನಂದು" ಎಂದಳು ಪಂಪಮ್ಮ. "ನನ್ನ ಲಗ್ನದ ಬಳಿ. ಹೇಳದ ತೊಗೊಂಡು ಹೋಗಿದ್ಲು ಕಳ್ಳಿ. ಎಲ್ಲಿ ಆಕಿ? ಹಿಂದ ಬರಾಕ ಹತ್ಯಾಳೇನು?"

ನನ್ನ ಹಿಂದಿನ ದಾರಿಯನ್ನು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದಳು. ನಾನು ಹೇಳಬೇಕಾಗಿ ಬರಲಿಲ್ಲ. ಸೀರೆಯನ್ನು ಬಿಚ್ಚಿ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿ ಹಾಕಿಕೊಂಡು ಬತ್ತದ ರಾಶಿಯ ಪಕ್ಕದಲ್ಲೇ ಕೂತು ಅತ್ತಳು. ಓಣಿಯ ಹೆಂಗಸರು ಬಂದು ಸುತ್ತ ಕೂತರು. ಶ್ರಾವಣದಲ್ಲಿ ನಮ್ಮೂರಿನ ಹೆಂಗಸರೂ ಅತ್ತಿದ್ದರು. ಆದರೆ ಹುಲಿಗೆಮ್ಮನನ್ನು ಲಂಗದ ಹುಡುಗಿಯಾಗಿ ಕಂಡವರು ಅತ್ತದ್ದು ಇಲ್ಲಿಯೇ ಮೊದಲು.

ಸಂಜೆ ಅವಳ ಗಂಡ ಮಲ್ಲಪ್ಪ ಹೊಲದಿಂದ ಬಂದ. ಸಂಗತಿ ಕೇಳಿ ಕೈಕಾಲು ತೊಳೆಯುವುದನ್ನೂ ಮರೆತು ಕಟ್ಟೆಯ ಮೇಲೆ ಕೂತ. ನಾನು ನನ್ನ ತಪ್ಪು ಹೇಳಿಕೊಂಡೆ. ಕಾಗದ ಬರೆದದ್ದು, ಪಟ್ಟಿ ನೋಡಿದ್ದು, ಅಂಥ ಊರೇ ಇಲ್ಲ ಎಂದದ್ದು, ಒಂದೂ ಬಿಡದೆ.

ಮಲ್ಲಪ್ಪ ಎಲ್ಲ ಕೇಳಿ, "ನಂದೂ ಅದ ಕತಿ, ಮಾಸ್ತರ" ಎಂದ.

"ಅದೇನು?"

"ಹುಡುಗೀನ ಕರಕೊಂಡು ಹೋದ ಮ್ಯಾಲೆ ಆಕಿ ಸೋದರತ್ತಿ ಗಂಡ ಒಂದ ಸಲ ಹೇಳಿ ಕಳಿಸಿದ್ದ, ನಾವು ಮೈಸೂರಾಗ ಆರಾಮದೀವಿ ಅಂತ. ಅಷ್ಟ ಗೊತ್ತು. ಈಕಿ ದಿನಾ ತಂಗೀನ ನೋಡಬೇಕು ಅಂತ ಅಳೋಳು. ಬತ್ತ ಒಕ್ಕಿದ ಮ್ಯಾಲೆ ಮೈಸೂರಿಗೆ ಹೋದೆ."

"ಮೈಸೂರಿಗೆ? ಪಟ್ಟಣಕ್ಕೆ?"

"ಮತ್ತೆಲ್ಲಿಗೆ? ಮೂರು ದಿನ ತಿರುಗಿದೆ. ಅರಮನಿ ಮುಂದ ನಿಂತೆ. ಪ್ಯಾಟ್ಯಾಗ ಕೇಳಿದೆ, ಬಳ್ಳಾರಿ ಕಡೀ ಹುಡುಗಿ, ಹುಲಿಗೆಮ್ಮ ಅಂತ, ಎಂಟೊಂಬತ್ತು ವರ್ಷದಾಕಿ ಅಂತ. ಹುಲೀನ ಹುಡುಕಾಕ ಬಂದಾನ ನೋಡು ಅಂತ ನಕ್ರು. ನನ್ನ ಮಾತ ಅವ್ರಿಗೆ ತಿಳೀಲಿಲ್ಲ."

ನಮಗೆ ಮೈಸೂರು ಎಂದರೆ ಸಂಸ್ಥಾನವೂ ಹೌದು, ಪಟ್ಟಣವೂ ಹೌದು. ಒಳಗಿನವರಿಗೆ ಅದರಲ್ಲಿ ಗೊಂದಲವಿಲ್ಲ. ಹೊರಗಿನಿಂದ ಕೇಳುವವನಿಗೆ ಅದು ಒಂದು ಊರು. ನಾನು ಮಾಗಾಣಿಯನ್ನು ಒಂದು ಹಳ್ಳಿಯೆಂದು ಹುಡುಕಿದ ಹಾಗೆಯೇ.

"ಹೋಗುವಾಗ ರೈಲು ಹರಿಹರದ ಮೇಲೆ ಹೋಗುತ್ತದೆ" ಎಂದೆ.

"ಹೋತು. ಹರಿಹರದಾಗ ನಿಂತಿತ್ತು. ಇಳಿದು ನೀರು ಕುಡದೆ. ನಮ್ಮ ಹೊಳಿ ಇಲ್ಲಿಂದನ ಬರ್ತೈತಿ ಅಂತ ಯಾರೋ ಹೇಳಿದ್ರು. ನಿಂತು ನೋಡಿದೆ."

ನಮ್ಮ ಹಳ್ಳಿ ಆ ಸ್ಟೇಷನ್ನಿನಿಂದ ನಾಲ್ಕು ಮೈಲಿ. ಅವನಿಗೆ ಅದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಮಲ್ಲಪ್ಪ ಹಣೆಯ ಮೇಲೆ ಕೈಯಿಟ್ಟುಕೊಂಡ. ಪಂಪಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. "ಹೋಗಲಿ ಬಿಡ್ರಿ. ಹುಡುಕಿದ್ವಿ ಅಂತ ಈಗರ ಒಬ್ರಿಗೆ ತಿಳೀತಲ್ಲ" ಎಂದಳು.

ಹುಲಿಗೆಮ್ಮನಿಗೆ ತವರಿತ್ತು. ಅವಳಿಗಾಗಿ ಒಬ್ಬ ಮನುಷ್ಯ ಮೂರು ದಿನ ಮೈಸೂರಿನ ಬೀದಿಗಳಲ್ಲಿ ನಗೆಪಾಟಲಾಗಿ ತಿರುಗಿದ್ದ. ಅದನ್ನು ಅವಳಿಗೆ ಹೇಳಲಾರೆ. ಶಾರದೆಗೆ ಹೇಳಬಲ್ಲೆ.

ಎರಡು ದಿನ ಉಳಿದೆ. ಹೊರಡುವ ಬೆಳಿಗ್ಗೆ ಪಂಪಮ್ಮ ಪೆಟ್ಟಿಗೆಯಿಂದ ಒಂದು ಇಳಕಲ್ಲಿನ ಸೀರೆ ತೆಗೆದಳು. ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ನಾನು, "ಅಕ್ಕಾ, ಕಾಲ ಮೀರಿತು" ಎಂದೆ.

"ಸತ್ತಾಕಿಗೆ ತಡಾ ಆತು, ತಮ್ಮಾ. ಬಸುರಾದಾಕಿಗೆ ತಡಾ ಆಗಿಲ್ಲ." ಸೀರೆಯ ಮೇಲೆ ಕುಬಸದ ಕಣ, ಅಕ್ಕಿ, ಅರಿಸಿನ ಬೇರು, ಐದು ಬಾಳೆಹಣ್ಣು ಇಟ್ಟು ಕಟ್ಟಿದಳು. "ಇದು ಶಾರದಿ ಉಡಿಗೆ. ಏಳು ತಿಂಗಳು ತುಂಬಿದ ಮ್ಯಾಲೆ ನಾನೂ ಇವ್ರೂ ಬರ್ತೀವಿ. ಚೊಚ್ಚಲ ಬಾಣಂತನ ತವರಾಗ ಆಗಬೇಕು. ಆಕಿ ಅವ್ವನ ತವರು ಆಕಿಗೂ ತವರ."

"ನಮ್ಮೂರು ನಿಮಗೆ ಸಿಗುತ್ತದೆಯೇ?"

"ಈ ಸಲ ಮೈಸೂರು ಅನ್ನಂಗಿಲ್ಲ" ಎಂದ ಮಲ್ಲಪ್ಪ. "ಹರಿಹರದಾಗ ಇಳಿದು ನೀರು ಕುಡದು, ಅಲ್ಲಿಂದ ಕೇಳ್ತೀನಿ."

ಮತ್ತೆ ಶಾಲೆ

ಅವರು ಹೇಳಿದ ತಿಂಗಳಿಗೆ ಬಂದರು. ಮಲ್ಲಪ್ಪನಿಗೆ ನಮ್ಮ ರೊಟ್ಟಿ ಸಪ್ಪೆಯೆನಿಸಿತು. ಬರುವಾಗ ಹೊಸ ಸುದ್ದಿಯನ್ನೂ ತಂದಿದ್ದ. ಹೊಸಪೇಟೆಯ ಹತ್ತಿರ ಹೊಳೆಗೆ ದೊಡ್ಡ ಕಟ್ಟೆ ಕಟ್ಟುತ್ತಾರಂತೆ, ಬಾವುಟ ಹಿಡಿದು ಅಳೆಯುತ್ತಿದ್ದಾರಂತೆ. ಹಾಗಾದರೆ ಬೋಳುಗುಡ್ಡದ ಕಡೆಗೂ ನೀರು ಹೋಗಿ ಅದೂ ಮಾಗಾಣಿಯಾಗುತ್ತದಂತೆ. "ಆಮ್ಯಾಲೆ ಹೆಣ್ಮಕ್ಕಳು ತವರಿಗೆ ಏನಂತ ಹೇಳ್ತಾರೋ!" ಎಂದು ನಕ್ಕ. ಪಂಪಮ್ಮ ನಮ್ಮ ಶಾಲೆಯನ್ನು ನೋಡಿದಳು, ತಂಗಿಯ ಪೊರಕೆಯನ್ನು ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟಳು. ಶಾರದೆ ಇಳಕಲ್ಲಿನ ಸೀರೆ ಉಟ್ಟು ಅವರೊಂದಿಗೆ ರೈಲು ಹತ್ತಿದಳು.

ಅವರನ್ನು ಕಳಿಸಿ ಬಂದ ಸಂಜೆ ನಾನು ಪೆನ್ಸಿಲು ಹಿಡಿದು ನಕ್ಷೆಯ ಮುಂದೆ ನಿಂತೆ. ಅಂಚಿನಲ್ಲಿ ನಿಂತುಹೋಗಿದ್ದ ಹೊಳೆಯನ್ನು ಬಿಳಿಯೊಳಕ್ಕೆ ಎಳೆದೆ. ಅದರ ಬಲಕ್ಕೆ ಒಂದು ಚುಕ್ಕೆಯಿಡಲು ಹೋಗಿ, ಬಿಟ್ಟು, ಹೊಳೆಯುದ್ದಕ್ಕೂ ಸಣ್ಣ ಸಣ್ಣ ಗೆರೆ ಹಾಕಿ, ಮೇಲೆ ಮಾಗಾಣಿ ಎಂದು ಬರೆದೆ.

ಮುಂದಿನ ವಾರ ತನಿಖೆಗೆ ಇನ್‌ಸ್ಪೆಕ್ಟರು ಬಂದರು. ಲೆಕ್ಕ ಕೇಳಿದರು, ಓದಿಸಿದರು. ಕೊನೆಗೆ ನಕ್ಷೆಯ ಮುಂದೆ ನಿಂತು ಕನ್ನಡಕ ಸರಿಪಡಿಸಿಕೊಂಡರು.

"ಏನಿದು ಮೇಷ್ಟ್ರೇ? ಇಂಥದೊಂದು ಊರು ಇದೆಯೇ?"

"ಊರಲ್ಲ ಸ್ವಾಮಿ, ಸೀಮೆ."

"ಸರಿ, ಇದೆಯೇ ಅಂತ ಕೇಳಿದ್ದು."

"ಇದೆ ಸ್ವಾಮಿ" ಎಂದೆ. "ನನ್ನ ಮಗಳು ಬಾಣಂತನಕ್ಕೆ ಅಲ್ಲಿಗೆ ಹೋಗಿದ್ದಾಳೆ."